ವೀರ್ಯ ಪರೀಕ್ಷೆಗೆ ಸ್ಯಾಂಪಲ್ ಕೊಡುವ ಮುಂಚೆ

ಡಾಕ್ಟರು ವೀರ್ಯ ಪರೀಕ್ಷೆ ಬರೆದುಕೊಟ್ಟಿದ್ದಾರಾ? ಸ್ಯಾಂಪಲ್ ಕೊಡುವುದರಲ್ಲಿ ಎಡವಟ್ಟಾದರೆ ಚೆನ್ನಾಗಿರುವವರ ರಿಪೋರ್ಟೂ ಕೆಟ್ಟದಾಗಿ ಬರುತ್ತದೆ.

ಮೊದಲು ದಿನ ನೋಡಿಕೊಳ್ಳಿ. ಕೊನೆಯ ಸಲ ವೀರ್ಯ ಹೋಗಿ ಕನಿಷ್ಠ 2, ಹೆಚ್ಚೆಂದರೆ 7 ದಿನ ಆಗಿರಬೇಕು. ಜಾಸ್ತಿ ದಿನ ತಡೆದರೆ ಒಳ್ಳೆಯದು ಅಂತ ಕೆಲವರು ಸುಮ್ನೆ ಹದಿನೈದು ದಿನ ಕಾಯುತ್ತಾರೆ. ಅದು ತಪ್ಪು, ಯಾಕೆ ಅಂತ ನೋಡಿ. ವೃಷಣದಿಂದ ಹೊರಟ ವೀರ್ಯಾಣುವಿಗೆ ಇನ್ನೂ ಈಜಲು ಬರುವುದಿಲ್ಲ. ವೃಷಣದ ಹಿಂದೆ ಎಪಿಡಿಡಿಮಿಸ್ ಅಂತ ಒಂದು ಸುರುಳಿ ನಾಳ ಇದೆ, ಬಿಡಿಸಿದರೆ ಸುಮಾರು 6 ಮೀಟರ್ ಉದ್ದ, ಅದರೊಳಗೆ ನಿಧಾನವಾಗಿ ಸಾಗುವಾಗ ಅಲ್ಲಿನ ಪ್ರೋಟೀನುಗಳು ಮೈಗೆ ಅಂಟಿಕೊಂಡು, ಎಂಜೈಮುಗಳು ಹೊರಪದರವನ್ನು ಬದಲಿಸಿ, ಆಮೇಲೆ ಅದಕ್ಕೆ ಈಜುವ ತಾಕತ್ತು ಬರುತ್ತದೆ. ಆ ನಾಳದ ಕೊನೆಯಲ್ಲೇ ತುಂಬಾ ದಿನ ಕೂತರೆ ಸಂಖ್ಯೆ ಹೆಚ್ಚಬಹುದು, ಆದರೆ ಚಲನೆ ಕುಗ್ಗುತ್ತದೆ.

ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಎಣ್ಣೆ, ಸೋಪು, ಜೆಲ್, ಎಂಜಲು ಯಾವುದೂ ಬೇಡ. ಮಾಮೂಲಿ ಕಾಂಡೋಮ್ ಅಂತೂ ಬೇಡವೇ ಬೇಡ. ಮೊದಲ ಹನಿಗಳು ಚೆಲ್ಲಿಹೋದರೆ ಮುಚ್ಚಿಡದೆ ಹೇಳಿಬಿಡಿ, ವೀರ್ಯಾಣು ಹೆಚ್ಚಾಗಿ ಇರುವುದು ಅದರಲ್ಲೇ.

ಲ್ಯಾಬಿನಲ್ಲೇ ಕೊಡುವುದು ವಾಸಿ. ಮನೆಯಿಂದ ಒಯ್ಯುವುದಾದರೆ ಅರ್ಧ ಗಂಟೆಯೊಳಗೆ ತಲುಪಿಸಿ, ಹೆಚ್ಚೆಂದರೆ ಒಂದು ಗಂಟೆ. ಫ್ರಿಜ್ಜಿನಲ್ಲಿ ಇಡಬೇಡಿ, ಬಟ್ಟೆಯೊಳಗೆ ಮೈಗೆ ತಾಗಿಸಿಕೊಂಡು ಒಯ್ಯಿರಿ. ಬೇಗ ತಲುಪಿಸಬೇಕು ಯಾಕೆಂದರೆ, ವೀರ್ಯ ಹೊರಬಂದ ಕೂಡಲೇ ಮೊಸರಿನ ಹಾಗೆ ಹೆಪ್ಪಾಗುತ್ತದೆ. ಸೆಮಿನೋಜೆಲಿನ್ ಎಂಬ ಪ್ರೋಟೀನು ವೀರ್ಯಾಣುವಿನ ಮೇಲಿರುವ ಇನ್ನೊಂದು ಪ್ರೋಟೀನಾದ ಎಪ್ಪಿನ್‌ಗೆ ಅಂಟಿ ವೀರ್ಯಾಣು ಅಲ್ಲಾಡದಂತೆ ತಡೆಯುತ್ತದೆ. ಪ್ರಾಸ್ಟೇಟ್‌ನಿಂದ ಬರುವ ಪಿಎಸ್‌ಎ ಎಂಬ ಎಂಜೈಮು ಆ ಸೆಮಿನೋಜೆಲಿನ್ ಅನ್ನು ಕತ್ತರಿಸಿದ ಮೇಲೆಯೇ ಓಟ ಶುರು. ವಯಸ್ಸಾದ ಗಂಡಸರಿಗೆ ರಕ್ತದಲ್ಲಿ ನೋಡುತ್ತಾರಲ್ವಾ, ಅದೇ ಪಿಎಸ್‌ಎ! ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ವೀರ್ಯ ನೀರಾಗುತ್ತದೆ. ನೀವು ತಡಮಾಡಿದರೆ ಲ್ಯಾಬಿಗೆ ಇದ್ಯಾವುದೂ ಸರಿಯಾಗಿ ಸಿಗುವುದಿಲ್ಲ.

ರಿಪೋರ್ಟ್ ಬಂತಾ? ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಮುಂದಕ್ಕೆ ಈಜುವವು ಶೇ 30. ಇದು ಪಾಸು-ಫೇಲಿನ ಗೆರೆಯಲ್ಲ; ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರಲ್ಲೂ ನೂರಕ್ಕೆ ಐವರು ಒಂದೊಂದು ಮಿತಿಗಿಂತ ಕೆಳಗಿದ್ದರು. ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿ.

ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು. ಹಾಗಾಗಿ ಎರಡು ತಿಂಗಳ ಹಿಂದೆ ಬಂದ ಜೋರು ಜ್ವರವನ್ನೂ ಡಾಕ್ಟರಿಗೆ ಹೇಳಿ. ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುತ್ತಿದ್ದರೆ ಅದನ್ನು ಮೊದಲು ಹೇಳಿ, ವೀರ್ಯಾಣು ಸೊನ್ನೆಗೆ ಇಳಿಯಲು ಅದೊಂದೇ ಸಾಕು.