ಜಿಲೇಬಿ ಮೀನಿನ ಹುರುಪೆ, ಒಂದು ಹನಿ ಅಡ್ರಿನಲಿನ್

"ಅದು ರಿಸೆಪ್ಟರ್ ಗಿಸೆಪ್ಟರ್ ಏನಲ್ಲ ಬಿಡ್ರಿ ಸರ. ಆ ಇಂಜೆಕ್ಷನ್ನೇ ಹುಳಿ ಅದ. ಆ್ಯಸಿಡ್ ಬಿದ್ರ ಯಾವ ಸೆಲ್ ಆದ್ರೂ ಮುದುಡ್ತದ."

ಅಡ್ರಿನಲಿನ್ ಹಾರ್ಮೋನು ಜೀವಕೋಶದ ಮೇಲಿನ ರಿಸೆಪ್ಟರಿಗೆ (ಹಾರ್ಮೋನನ್ನು ಹಿಡಿಯುವ ಗ್ರಾಹಿಗೆ) ಅಂಟಿಯೇ ಮೀನಿನ ಹುರುಪೆಯ ಕಪ್ಪು ಬಣ್ಣವನ್ನು ಸರಿಸುತ್ತದೆ ಎಂದು ನಾನು ಹೇಳಿದ್ದಕ್ಕೆ ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು ಹೀಗಂದಾಗ ಬಾಯಿ ಕಟ್ಟಿತು. ಅಡ್ರಿನಲಿನ್ ಇಂಜೆಕ್ಷನ್ನಿನ ಆಂಪೂಲಿನ (ಪುಟ್ಟ ಗಾಜಿನ ಸೀಸೆಯ) ಪಿಎಚ್ ಮೂರರ ಆಸುಪಾಸು, ಅಂದರೆ ಹುಳಿಯೇ, ಇರುವುದು ನಿಜ. ಪ್ರಾಣಿ ಕೊಯ್ದು ನೋಡುವ ಡಿಸೆಕ್ಷನ್ ನಿಂತ ಮೇಲೆ ಹಾರ್ಮೋನಿನ ಪಾಠವೆಲ್ಲ ಬೋರ್ಡಿನ ಬಾಣದ ಗುರುತಿಗೇ ಮುಗಿಯುತ್ತಿತ್ತು. ಮೀನಿನ ಹುರುಪೆಯ ಮೆಲನೋಫೋರ್ (ಕಪ್ಪು ಬಣ್ಣದ ಕಣ ತುಂಬಿದ ಜೀವಕೋಶ) ಮೇಲೆ ಅಡ್ರಿನಲಿನ್ ಹಾಕಿ ತೋರಿಸೋಣ ಎಂದು ಹೊರಟವನು ನಾನು.

ಮೊದಲು ಧಾರವಾಡದ ಮಾರ್ಕೆಟ್ಟಿನಿಂದ ಬಂಗಡೆ ತಂದೆ. ಕಾರವಾರದಿಂದ ಬರ್ಫದಲ್ಲಿ ಬಂದ ಮೀನು, ಜೀವಕೋಶ ಎಂದೋ ಸತ್ತಿತ್ತು. ರೋಹು ತಂದೆ, ಅದೂ ಬರ್ಫದ್ದೇ. ಇನ್ನೂರು ಮುನ್ನೂರು ರೂಪಾಯಿ ಮನೆಯ ಸಾರಿಗೆ ಹೋಯಿತು, ನಷ್ಟವೇನಿಲ್ಲ. ಕೊನೆಗೆ ಕೆಲಗೇರಿ ಕೆರೆಯ ಕಡೆ ಜೀವಂತ ಜಿಲೇಬಿ ಮೀನು (ತಿಲಾಪಿಯಾ) ಸಿಕ್ಕಿತು. "ಬರೇ ಹುರುಪಿ ಒಯ್ಯಾಕ ಬಂದೀರೇನ್ರಿ?" ಎಂದು ಮೀನು ಮಾರುವ ಅಕ್ಕ ನಕ್ಕಳು, ದುಡ್ಡು ಬೇಡ ಅಂದಳು.

ಆದರೆ ಅಡ್ರಿನಲಿನ್ ಹಾಕುವ ಮೊದಲೇ ಕಪ್ಪು ಬಣ್ಣವೆಲ್ಲ ಜೀವಕೋಶದ ನಡುವಿಗೆ ಗುಂಪುಗೂಡಿ ಚುಕ್ಕಿಯಾಗಿತ್ತು! ಎರಡು ತಿಂಗಳು ಇದೇ ಪಾಡು. ಚೀಲದಲ್ಲಿ ಒದ್ದಾಡಿದ ಮೀನು, ಕಿತ್ತ ಹುರುಪೆ. ನರದ ತುದಿಗಳೇ ಅಡ್ರಿನಲಿನ್ನಿನ ಸೋದರನಂಥ ನಾರ್‌ಅಡ್ರಿನಲಿನ್ ಸುರಿದು ನನ್ನ ಪ್ರಯೋಗವನ್ನು ನನಗಿಂತ ಮುಂಚೆ ಮಾಡಿ ಮುಗಿಸಿದ್ದವು. ಸಲೈನಿನಲ್ಲಿ ಅರ್ಧ ತಾಸು ಬಿಟ್ಟು, ನಾಲ್ಕೈದು ಸಲ ಆ ಸಲೈನನ್ನು ಬದಲಿಸಿದರೆ ಕಪ್ಪು ಮತ್ತೆ ಹರಡುತ್ತದೆ. ಆಸ್ಪತ್ರೆಯ ಸಲೈನ್ ನಾಲ್ಕು ಪಾಲು, ಡಿಸ್ಟಿಲ್ಡ್ ನೀರು ಒಂದು ಪಾಲು. ಅದಕ್ಕೆ ಕೊನೆಗೆ ಚಿಟಿಕೆ ಏನು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಆಂಪೂಲನ್ನು ನೂರು ಪಟ್ಟು ತೆಳು ಮಾಡಿ ಒಂದು ಹನಿ. ಎರಡು ಮೂರು ನಿಮಿಷದೊಳಗೆ ಕವಲು ಕವಲಾಗಿದ್ದ ಕಪ್ಪು ನಡುವಿಗೆ ಸರಿಯುತ್ತದೆ. ಹುಡುಗರು "ಸೆಲ್ ಸಣ್ಣದಾತ್ರಿ ಸರ" ಅನ್ನುತ್ತಾರೆ. ಸೆಲ್ ಅಲ್ಲೇ ಇದೆ, ಒಳಗಿನ ಬಣ್ಣದ ಕಣಗಳಷ್ಟೇ ಸರಿದದ್ದು. ಅಡ್ರಿನಲಿನ್ ಸೆಲ್ಲಿನ ಹೊರಗೇ ನಿಂತಿದೆ, ಒಳಗೆ ಸೈಕ್ಲಿಕ್ ಎಎಂಪಿ, ಅಂದರೆ ಕಪ್ಪನ್ನು ಹರಡಿ ಇಡುವ ಸಂದೇಶದ ರಾಸಾಯನಿಕ, ಕಡಿಮೆಯಾಗಿದೆ. ಗುಲಾಬಿಗೆ ತಿರುಗಿದ ಆಂಪೂಲನ್ನು ಮಾತ್ರ ಮುಟ್ಟಬೇಡಿ, ನಾನು ಒಂದು ವಾರ ಅದರಿಂದಲೇ ಕೆಟ್ಟೆ.

ಹಿರಿಯರ ಆ್ಯಸಿಡ್ ಮಾತಿಗೆ ಮೊದಲು ಅಷ್ಟೇ ಹುಳಿಯ ಸಲೈನ್ ಹನಿಸಿದೆ. ಕಪ್ಪು ಕದಲಲಿಲ್ಲ. ಅದಕ್ಕೂ ಅವರು ಒಪ್ಪಲಿಲ್ಲ. ಅಡ್ರಿನಲಿನ್ ಹಿಡಿಯುವ ರಿಸೆಪ್ಟರಿನಲ್ಲಿ ಆಲ್ಫಾ, ಬೀಟಾ ಎಂದು ಬಗೆಗಳಿವೆ. ಬೀಟಾವನ್ನು ಮುಚ್ಚುವ, ಬಿಪಿಯ ಪ್ರೊಪ್ರನೊಲಾಲ್ ಮಾತ್ರೆ ಅರೆದು ಸೋಸಿ ಮೊದಲೇ ಹಾಕಿ ನೋಡಿದೆ; ಅಡ್ರಿನಲಿನ್ ತನ್ನ ಕೆಲಸ ಮಾಡಿಯೇ ಬಿಟ್ಟಿತು. ಅಂದರೆ ಬೀಟಾ ಅಲ್ಲ. ಬೆಂಗಳೂರಿನಿಂದ ಆಲ್ಫಾ-2 ಬಗೆಯನ್ನು ಮುಚ್ಚುವ ಯೋಹಿಂಬಿನ್ ಪುಡಿ ತರಿಸಿದೆ, ಎರಡೂವರೆ ಸಾವಿರದ ಹತ್ತಿರ, ನನ್ನ ಕಿಸೆಯಿಂದ. ಹತ್ತು ನಿಮಿಷ ಅದರಲ್ಲಿಟ್ಟ ಹುರುಪೆಗೆ ಅದೇ ಆಂಪೂಲಿನ ಹನಿ, ಅದೇ ಹುಳಿ. ಬಣ್ಣ ಹೆಚ್ಚೂ ಕಡಿಮೆ ಇದ್ದಲ್ಲೇ ಇತ್ತು. ಆಲ್ಫಾ-2 ಸಿಕ್ಕಿಬಿತ್ತು! ಹಿರಿಯರು ಕಣ್ಣು ಹಚ್ಚಿ ನೋಡಿ, "ಇನ್ನೊಂದು ಹುರುಪಿ ತಗೀರಿ" ಅಂದರು. ಹನ್ನೊಂದು ಹುರುಪೆ ನೋಡಿದರು. ಒಂಬತ್ತರಲ್ಲಿ ನಾನು ಹೇಳಿದಂತೆಯೇ ಆಯಿತು.

ನಡುವೆ ಮನೆಯ ಕಾಫಿ ಡಿಕಾಕ್ಷನ್ನೂ ಹಾಕಿದ್ದುಂಟು. ಕೆಫೀನ್ ಸೈಕ್ಲಿಕ್ ಎಎಂಪಿ ಒಡೆಯಲು ಬಿಡುವುದಿಲ್ಲ, ಬಣ್ಣ ಮತ್ತೆ ಹರಡಬೇಕು ಅನ್ನುವ ಲೆಕ್ಕ. ಸ್ಲೈಡ್ ಪೂರ್ತಿ ಕಂದಾಗಿ ಏನೂ ಕಾಣಲಿಲ್ಲ. ಕೆಮಿಸ್ಟ್ರಿಯವರ ಹತ್ತಿರ ಕಾಡಿ ಬೇಡಿ ಶುದ್ಧ ಕೆಫೀನ್ ತಂದ ಮೇಲೆ ಹರಡಿತು. ಈಗ ಆಲ್ಫಾ-2 ಅನ್ನು ತಾನೇ ಕೆಣಕುವ ಕ್ಲೋನಿಡಿನ್ ಮಾತ್ರೆ ಹಿಡಿದಿದ್ದೇನೆ, ಅಡ್ರಿನಲಿನ್ ಇಲ್ಲದೆಯೇ ಕಪ್ಪು ಗುಂಪುಗೂಡಬೇಕು. ಮಾತ್ರೆಯ ಹಿಟ್ಟು ಸೋಸಿದರೂ ಹೋಗುತ್ತಿಲ್ಲ. ಯೋಹಿಂಬಿನ್ ಬಿಲ್ಲು ಆಫೀಸಿನಲ್ಲಿ ಇನ್ನೂ ಪಾಸಾಗಿಲ್ಲ.