ಒಂದೇ ಸ್ಟೇಷನ್, ಮೂರು ಹೋಟೆಲ್: ಲಂಡನ್‌ನಲ್ಲಿ ಹನ್ನೊಂದು ಜನರಿಗೆ ರೂಮ್ ಹೊಂದಿಸಿದ್ದು

"ಒಂದೇ ಮನೆತನದವರನ್ನ ಮೂರು ಹೋಟೆಲ್‌ನಲ್ಲಿ ಇಡ್ತೀರಾ ಮೇಡಂ? ಎರಡನೇ ದಿನಕ್ಕೇ ಮಾತು ಬಿಡ್ತಾರೆ ನೋಡಿ." ನನ್ನ ಹಾಗೆಯೇ ಸಣ್ಣ ಗುಂಪುಗಳನ್ನು ಕರೆದುಕೊಂಡು ಹೋಗುವ ಬೆಂಗಳೂರಿನ ಗೆಳೆಯರೊಬ್ಬರು ಹೇಳಿದ ಮಾತಿದು. ಗುಂಪಿನ ಹಿರಿಯರೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ಹೋದ ಜೂನ್ ಕೊನೆಯಲ್ಲಿ ಅದೇ ಕೆಲಸ ಮಾಡಿದೆ. ಒಂಬತ್ತು ಜನ ದೊಡ್ಡವರು, ಇಬ್ಬರು ಮಕ್ಕಳು, ಎಂಟು ರಾತ್ರಿ. ಮಾತು ಬಿಡುವುದಿರಲಿ, ವಾಪಸ್ ಬರುವಾಗ ವಿಮಾನದಲ್ಲೇ ಮುಂದಿನ ವರ್ಷದ ಊರು ಯಾವುದು ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ನಷ್ಟಗಳನ್ನು ಹೇಳಿಬಿಡುತ್ತೇನೆ. ಈ ದಾರಿ ಹೊಳೆದದ್ದು ದುಡ್ಡು ಕಳೆದುಕೊಂಡ ಮೇಲೆ.

2018ರಲ್ಲಿ ಮೊದಲ ಸಲ ಲಂಡನ್ ಮಾಡಿದಾಗ ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಹೀಥ್ರೂ ವಿಮಾನ ನಿಲ್ದಾಣದ ಕಡೆ, ಆರನೇ ಝೋನ್‌ನಲ್ಲಿ ರೂಮ್ ಹಿಡಿದೆ. ರೈಲು ದರಕ್ಕಾಗಿ ಲಂಡನ್ನನ್ನು ಝೋನ್‌ಗಳಾಗಿ ಹಂಚಿದ್ದಾರೆ, ಒಂದನೆಯದು ನಡು ಊರು, ಆರನೆಯದು ಊರಾಚೆ. ರಾತ್ರಿಗೆ 70 ಪೌಂಡ್ ಆಸುಪಾಸು. ಊರೊಳಗೆ ಅಂಥದ್ದೇ ರೂಮಿಗೆ ಆಗ 110 ಇತ್ತು. 40 ಪೌಂಡ್ ಉಳಿಸಿದೆ ಅಂತ ಹಿಗ್ಗಿದ್ದೆ. ಆದರೆ ಆರು ಝೋನ್ ಓಡಾಟಕ್ಕೆ ದಿನದ ಮಿತಿ, ಅಂದರೆ ಒಂದು ದಿನಕ್ಕೆ ಹಿಡಿಯುವ ಗರಿಷ್ಠ ದರ, ಆಗ ತಲೆಗೆ 12 ಪೌಂಡ್ ದಾಟುತ್ತಿತ್ತು. ಮೊದಲೆರಡು ಝೋನ್‌ನಲ್ಲೇ ಇದ್ದಿದ್ದರೆ 7 ಪೌಂಡ್‌ನಲ್ಲಿ ಮುಗಿಯುತ್ತಿತ್ತು. ಗಂಡ ಹೆಂಡತಿ ಇಬ್ಬರಿಗೆ 11 ಪೌಂಡ್ ಅಲ್ಲೇ ಹೋಯಿತು. ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ. ಮಧ್ಯಾಹ್ನ ಸುಸ್ತಾದರೆ ರೂಮಿಗೆ ಹೋಗಿ ಮಲಗುವಂತಿಲ್ಲ. ಎರಡು ರಾತ್ರಿ ವಯಸ್ಸಾದವರ ಮಂಡಿ ನೋವು ಅಂತ ಟ್ಯಾಕ್ಸಿ ಮಾಡಿದೆ. ಒಂದೊಂದು ಸಲಕ್ಕೂ 70 ಪೌಂಡ್ ಹತ್ತಿರ. ಮನೆಗೆ ಬಂದು ಲೆಕ್ಕ ಹಾಕಿದರೆ ಉಳಿತಾಯ ಸೊನ್ನೆ.

ಮುಂದಿನ ಸಲ ಊರೊಳಗೇ ಹಿಡಿದೆ. ಹಳೇ ಮನೆಯನ್ನು ಹೋಟೆಲ್ ಮಾಡಿದ ಜಾಗ. ಫೋಟೋದಲ್ಲಿ ಬಿಳಿ ಕಂಬ, ಹೂಕುಂಡ, ಎಲ್ಲಾ ಚೆಂದ. ಲಿಫ್ಟ್ ಇಲ್ಲ. ನಾಲ್ಕನೇ ಮಹಡಿಗೆ 23 ಕಿಲೋ ಸೂಟ್‌ಕೇಸ್‌ಗಳನ್ನು ನಾನೂ ಒಬ್ಬ ಹುಡುಗನೂ ಹೊತ್ತೆವು. ಇನ್ನೊಂದು ರೂಮಿಗೆ 'ಲೋವರ್ ಗ್ರೌಂಡ್' ಅಂತ ಬರೆದಿದ್ದರು. ಹೋಗಿ ನೋಡಿದರೆ ನೆಲಮಾಳಿಗೆ, ಕಿಟಕಿಯಲ್ಲಿ ದಾರಿಹೋಕರ ಕಾಲು ಮಾತ್ರ ಕಾಣುತ್ತಿತ್ತು. ಆ ದಂಪತಿಗೆ ನಾನು ಕೈಯಿಂದ 9,000 ರೂಪಾಯಿ ವಾಪಸ್ ಕೊಟ್ಟೆ. ಅಂದಿನಿಂದ 'ಲೋವರ್ ಗ್ರೌಂಡ್' ಅಂತ ಕಂಡರೆ ಆ ಹೋಟೆಲ್‌ನ ಪುಟ ಮುಚ್ಚಿ ಮುಂದಕ್ಕೆ ಹೋಗುತ್ತೇನೆ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ರದ್ದು ಮಾಡಿದರೆ ದುಡ್ಡು ಬಾರದ ದರದಲ್ಲಿ ಮೂರು ರೂಮ್ ಕಾದಿರಿಸಿದ್ದೆ. ನೂರಕ್ಕೆ ಹದಿನೈದು ಕಡಿಮೆ ಇತ್ತು ಅನ್ನೋ ಆಸೆ. ವೀಸಾ ಹೊರಡುವ ದಿನ ದಾಟಿದ ಮೇಲೆ ಬಂತು. ಲಕ್ಷಕ್ಕೆ ಮೇಲೆ ಹೋಯಿತು. ಈಗ ವೀಸಾ ಕೈಗೆ ಬರುವ ತನಕ ಬಿಟ್ಟಿ ರದ್ದಿನ ದರ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಎಂಥ ರಿಯಾಯ್ತಿ ಇದ್ದರೂ ಸರಿ.

ಇಷ್ಟಾದ ಮೇಲೆ ತಿಳಿದದ್ದು ಇಷ್ಟು. ನಾವು ಹೋಟೆಲ್ ಹೋಲಿಸುವ ರೀತಿಯೇ ತಪ್ಪು. ಮೊದಲು ದರ ನೋಡುತ್ತೇವೆ, ಆಮೇಲೆ ಜಾಗ. ನಾನು ತಿರುಗಿಸಿದೆ. ಮೊದಲು ಸ್ಟೇಷನ್ ಆರಿಸುವುದು, ಆಮೇಲೆ ಆ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡಿಗೆಯೊಳಗೆ ಎಲ್ಲಾ ಬಜೆಟ್‌ನ ಜಾಗಗಳನ್ನೂ ಹುಡುಕುವುದು. ಜನ ಬೇರೆ ಬೇರೆ ಕಡೆ ಮಲಗಲಿ, ದಿನ ಒಂದೇ ಕಡೆ ಶುರುವಾಗಲಿ.

ಲಂಡನ್‌ಗೆ ನನ್ನ ಸ್ಟೇಷನ್ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್. ಟ್ಯೂಬ್ ಅಂದರೆ ಅಲ್ಲಿನ ಮೆಟ್ರೋ, ಅದರ ಆರು ಲೈನ್ ಅಲ್ಲಿ ಸೇರುತ್ತವೆ. ಪಿಕಡಿಲಿ ಲೈನ್ ಹೀಥ್ರೂನಿಂದ ನೇರ ಬರುತ್ತದೆ. ಒಂದು ಗಂಟೆ, ನಾವು ಹೋದಾಗ ತಲೆಗೆ 6 ಪೌಂಡ್ ಒಳಗೆ ಇತ್ತು. ಎರಡೂ ಕಡೆ ಲಿಫ್ಟ್ ಇದೆ, ಸೂಟ್‌ಕೇಸ್ ಎತ್ತುವ ಕೆಲಸವೇ ಇಲ್ಲ. ಪ್ಯಾಡಿಂಗ್ಟನ್ ಸ್ಟೇಷನ್ ಕಡೆ ಇಳಿಸುವವರು ಹೀಥ್ರೂನಿಂದ ಅಲ್ಲಿಗೆ ಎಲಿಝಬೆತ್ ಲೈನ್ ರೈಲು ಬೇಗ ತಲುಪಿಸುತ್ತದೆ ಅನ್ನುತ್ತಾರೆ. ನಿಜ. ಆದರೆ ಮೂರು ಬಜೆಟ್ ಅಷ್ಟು ಹತ್ತಿರದಲ್ಲಿ ನನಗೆ ಅಲ್ಲಿ ಸಿಗಲಿಲ್ಲ.

ಈಗ ಗುಂಪಿನ ವಿಷಯ. ಸಕಲೇಶಪುರದ ಕಡೆ ತೋಟ ಇರುವ ದೊಡ್ಡಪ್ಪ, ದೊಡ್ಡಮ್ಮ. ಬ್ಯಾಂಕಿನಿಂದ ನಿವೃತ್ತರಾದ ಅವರ ತಮ್ಮ, ತಮ್ಮನ ಹೆಂಡತಿ. ಮೇಷ್ಟ್ರಾಗಿರುವ ಇನ್ನೊಬ್ಬ ತಮ್ಮನ ಸಂಸಾರ, ಜೊತೆಗೆ ಎಂಟು ಮತ್ತು ಹತ್ತು ವರ್ಷದ ಮಕ್ಕಳು. ಇವರಲ್ಲದೆ ಈಗಷ್ಟೇ ಕೆಲಸಕ್ಕೆ ಸೇರಿದ ಮೂವರು ಹುಡುಗ ಹುಡುಗಿಯರು, ತಮ್ಮ ದುಡ್ಡಲ್ಲೇ ಬರುತ್ತೇವೆ ಅಂತ ಹಟ ಹಿಡಿದವರು. ಹಿಂದೆ ಇಂಥ ಗುಂಪು ಬಂದರೆ ಎಲ್ಲರನ್ನೂ ನಡುವಿನ ಒಂದು ಹೋಟೆಲ್‌ಗೆ ಹಾಕುತ್ತಿದ್ದೆ. ತೋಟದವರಿಗೆ ರೂಮ್ ಸಣ್ಣದು ಅಂತ ಬೇಸರ, ಮೇಷ್ಟ್ರಿಗೆ ಹೊರೆ, ಹುಡುಗರಿಗೆ ಸಾಲ. ಯಾರಿಗೂ ಸಮಾಧಾನ ಇಲ್ಲ.

ದೊಡ್ಡಪ್ಪನವರನ್ನು ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ಮುಂಭಾಗದಲ್ಲೇ ಇರುವ ಕೆಂಪಿಟ್ಟಿಗೆಯ ಹೋಟೆಲ್‌ನಲ್ಲಿ ಇಳಿಸಿದೆ. 1873ರಲ್ಲಿ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಅಂತ ಶುರುವಾಗಿ, 1935ರಲ್ಲಿ ಮುಚ್ಚಿ, 2011ರಲ್ಲಿ ಮತ್ತೆ ಹೋಟೆಲ್ ಆದ ಕಟ್ಟಡ. ಕಟ್ಟಿದವರು ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರದ ನಕ್ಷೆಯೂ ಅವರದೇ ಅಂದಾಗ ಮುಂಬೈನಲ್ಲಿ ಓದಿದ್ದ ದೊಡ್ಡಪ್ಪನವರ ಮುಖ ಅರಳಿತು. ಒಂದು ವಿಷಯ ನೆನಪಿರಲಿ. ಅಲ್ಲಿ ಕಡಿಮೆ ದರದ ರೂಮ್‌ಗಳು ಹಿಂದೆ ಹೊಸದಾಗಿ ಸೇರಿಸಿದ ಭಾಗದಲ್ಲಿವೆ. ಹಳೇ ಕಟ್ಟಡದ ಎತ್ತರದ ಛಾವಣಿ ಬೇಕಾದರೆ ಚೇಂಬರ್ಸ್ ಕಡೆಯ ರೂಮನ್ನೇ ಕೇಳಬೇಕು, ಜಾಸ್ತಿ ಕೊಡಬೇಕು. ನಮಗೆ ಹೊಸ ಭಾಗವೇ ಸಾಕಾಯಿತು. ರಾತ್ರಿಗೆ 330 ಪೌಂಡ್, ಎಂಟು ರಾತ್ರಿಗೆ 2,640.

ಬ್ಯಾಂಕಿನವರಿಗೂ ಮೇಷ್ಟ್ರಿಗೂ ಯೂಸ್ಟನ್ ರಸ್ತೆಯ ಪ್ರೀಮಿಯರ್ ಇನ್. ಒಂದು ಮಾಮೂಲಿ ರೂಮ್, ಒಂದು ಫ್ಯಾಮಿಲಿ ರೂಮ್. ಎರಡೂ ಸರಾಸರಿ 150 ಪೌಂಡ್ ಬಿತ್ತು. ಮಕ್ಕಳಿರುವವರಿಗೆ ಇದಕ್ಕಿಂತ ಲಾಭ ನಾನು ಕಂಡಿಲ್ಲ. ದೊಡ್ಡವರೊಬ್ಬರು ಪೂರ್ತಿ ತಿಂಡಿ ತಗೊಂಡರೆ ಇಬ್ಬರು ಮಕ್ಕಳ ತಿಂಡಿ ಬಿಟ್ಟಿ. ಹನ್ನೊಂದರ ಒಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಕೂಡ ಬಿಟ್ಟಿ. ಮೇಷ್ಟ್ರ ಸಂಸಾರದ ಓಡಾಟ ದಿನಕ್ಕೆ 18 ಪೌಂಡ್ ದಾಟಲಿಲ್ಲ.

ಹುಡುಗರನ್ನು ಎಲ್ಲಿ ಹಾಕುವುದು ಅನ್ನುವುದೇ ನನ್ನ ತಲೆನೋವಾಗಿತ್ತು. ಬ್ರಿಟಿಷ್ ಲೈಬ್ರರಿ ಎದುರಿಗೆ ಯೂತ್ ಹಾಸ್ಟೆಲ್ ಇದೆ, ಹಾಸಿಗೆಗೆ 35 ಪೌಂಡ್ ಹತ್ತಿರ. ಹುಡುಗಿಯ ಅಮ್ಮ ಒಪ್ಪಲಿಲ್ಲ. ಆಗ ಕೈ ಹಿಡಿದದ್ದು ಕಾಲೇಜ್ ಹಾಸ್ಟೆಲ್. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ಬೇಸಿಗೆ ರಜೆಯಲ್ಲಿ ತಮ್ಮ ಹಾಸ್ಟೆಲ್ ರೂಮ್‌ಗಳನ್ನು ಹೊರಗಿನವರಿಗೂ ಕೊಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ರೂಮ್, ಬೀಗ ತಮ್ಮದೇ, ಬೆಳಗಿನ ತಿಂಡಿ ಸೇರಿ ರಾತ್ರಿಗೆ 62 ಪೌಂಡ್. ಬಾತ್‌ರೂಮ್ ಮಾತ್ರ ಹಂಚಿಕೊಳ್ಳಬೇಕು. ಹಾಸ್ಟೆಲ್ ಇರುವ ಬ್ಲೂಮ್ಸ್‌ಬರಿಯಿಂದ ಸ್ಟೇಷನ್‌ಗೆ ಹನ್ನೆರಡು ನಿಮಿಷ ನಡಿಗೆ. ಅಂಬೇಡ್ಕರ್ ಓದಿದ ಸಂಸ್ಥೆಯ ಹಾಸ್ಟೆಲ್‌ನಲ್ಲಿ ಉಳಿದೆವು ಅನ್ನುವ ಖುಷಿ ಬೇರೆ. ತಲೆಗೆ 500 ಪೌಂಡ್ ಆಯಿತು. ಅವರನ್ನೂ ನಡುವಿನ ಹೋಟೆಲ್‌ಗೆ ಹಾಕಿದ್ದರೆ ಎರಡು ರೂಮ್ ಬೇಕಿತ್ತು, ತಲೆಗೆ 800. ಒಬ್ಬೊಬ್ಬರಿಗೆ 35,000 ರೂಪಾಯಿ ಉಳಿಯಿತು. ಮೊದಲ ಸಂಬಳದ ಮಕ್ಕಳಿಗೆ ಅದು ಸಣ್ಣ ಮೊತ್ತವಲ್ಲ.

ಗುಂಪು ಒಡೆಯುತ್ತದೆ ಅನ್ನುವ ಭಯಕ್ಕೆ ನನ್ನ ಉತ್ತರ ಸೇಂಟ್ ಪ್ಯಾಂಕ್ರಾಸ್ ಒಳಗೆ ದೊಡ್ಡ ಗಡಿಯಾರದ ಕೆಳಗಿರುವ ಕಂಚಿನ ಪ್ರತಿಮೆ. ತಬ್ಬಿಕೊಂಡು ನಿಂತ ಜೋಡಿ, 9 ಮೀಟರ್ ಎತ್ತರ. ಯಾರೂ ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಎಲ್ಲರೂ ಅಲ್ಲಿ. ಯಾರು ಎಲ್ಲಿ ಮಲಗಿದ್ದರು ಅನ್ನುವ ಮಾತು ಎರಡನೇ ದಿನಕ್ಕೇ ನಿಂತಿತು. ಮೂರನೇ ದಿನ ದೊಡ್ಡಮ್ಮನೇ ಗೊಜ್ಜವಲಕ್ಕಿ ಡಬ್ಬಿ ಹಿಡಿದು ಹುಡುಗರ ಹಾಸ್ಟೆಲ್ ನೋಡಲು ಹೊರಟರು. ಸಂಜೆ ಊಟಕ್ಕೆ ಯೂಸ್ಟನ್ ಹಿಂದಿನ ಡ್ರಮಂಡ್ ರಸ್ತೆ. ಸಸ್ಯಾಹಾರಿಗಳಿಗೆ ಅಲ್ಲಿ ದೋಸೆ, ಭೇಲ್, ಥಾಲಿ ಎಲ್ಲಾ ಸಿಗುತ್ತದೆ, ತಲೆಗೆ 12 ಪೌಂಡ್ ಇಟ್ಟುಕೊಳ್ಳಿ. ಮೂರು ಹೋಟೆಲ್‌ನಿಂದಲೂ ನಡೆದೇ ಹೋಗಬಹುದು.

ಥೇಮ್ಸ್ ದಡದ ಬಸವೇಶ್ವರರ ಪ್ರತಿಮೆ ನೋಡದೆ ದೊಡ್ಡಪ್ಪ ವಾಪಸ್ ಬರುವವರಲ್ಲ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕಿಂಗ್ಸ್ ಕ್ರಾಸ್‌ನಿಂದ ವಿಕ್ಟೋರಿಯಾ ಲೈನ್ ಹಿಡಿದರೆ ವಾಕ್ಸ್‌ಹಾಲ್ ನೇರ. ಅಲ್ಲಿಂದ ನದಿ ಪಕ್ಕದಲ್ಲೇ ಕಾಲು ಗಂಟೆ ನಡಿಗೆ. ಹನ್ನೊಂದೂ ಜನ ಅಲ್ಲಿ ನಿಂತು ತೆಗೆಸಿಕೊಂಡ ಫೋಟೋ ಈಗ ಅವರ ತೋಟದ ಮನೆಯ ಹಜಾರದಲ್ಲಿದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದ್ದೆ, ಬೇರೆ ಗುಂಪಿನ ಜೊತೆ. ಲಿವರ್‌ಪೂಲ್ ಸ್ಟ್ರೀಟ್, ಆಲ್ಡ್‌ಗೇಟ್ ಕಡೆ ಆಫೀಸ್‌ಗಳು ಜಾಸ್ತಿ. ವಾರದ ದಿನ 190 ಪೌಂಡ್ ಕೇಳುವ ರೂಮ್ ಭಾನುವಾರ ರಾತ್ರಿ 85ಕ್ಕೆ ಸಿಕ್ಕಿತು. ಶನಿವಾರ, ಭಾನುವಾರ ಅಲ್ಲಿಗೆ ಸಾಗಿಸಿದೆ. ಎರಡು ರೂಮಿಗೆ ಸೇರಿ 150 ಪೌಂಡ್ ಉಳಿಯಿತು, ಅರ್ಧ ದಿನ ಗಂಟುಮೂಟೆ ಕಟ್ಟುವುದರಲ್ಲಿ ಹೋಯಿತು. ಪ್ರವಾಸದ ಮೊದಲ ಎರಡು ರಾತ್ರಿಯೇ ವಾರಾಂತ್ಯವಾದರೆ ಮಾತ್ರ ಇದು ಸರಿ. ಮಧ್ಯದಲ್ಲಿ ಬೇಡ. ಜುಲೈ ಸೆಕೆಗೆ ಫ್ಯಾನ್ ಇರುವ ರೂಮ್ ಕೇಳುವುದನ್ನು ಮಾತ್ರ ಎಲ್ಲಾ ಗುಂಪಿಗೂ ಮಾಡುತ್ತೇನೆ. ಹಳೇ ಕಟ್ಟಡಗಳಲ್ಲಿ ಬಹಳ ಕಡೆ ಏಸಿ ಇರುವುದಿಲ್ಲ. 2022ರ ಜುಲೈನಲ್ಲಿ ಹೀಥ್ರೂನಲ್ಲಿ 40 ಡಿಗ್ರಿ ದಾಟಿತ್ತು, ಮರೆಯಬೇಡಿ.

ಬಿಟ್ಟಿ ರದ್ದಿನ ದರದಲ್ಲಿ ಹಿಡಿದ ಮೇಲೂ ದರ ನೋಡುತ್ತಲೇ ಇರುತ್ತೇನೆ. ಇಳಿದರೆ ಹೊಸದನ್ನು ಹಿಡಿದು ಹಳೆಯದನ್ನು ಬಿಡುತ್ತೇನೆ. ಈ ಸಲ ಮೇಷ್ಟ್ರ ರೂಮ್ 178ರಿಂದ 150ಕ್ಕೆ ಇಳಿದದ್ದು ಹಾಗೆ. ಹೊರಡುವುದಕ್ಕೆ ಎಷ್ಟು ವಾರ ಮೊದಲು ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೋಟೆಲ್‌ನವರಿಗೆ ಫೋನ್ ಮಾಡಿ ರಸ್ತೆಯ ಗದ್ದಲ ಕೇಳದ ರೂಮ್ ಪಡೆಯಲು ನಾನು ಕೇಳುವ ಒಂದು ಪ್ರಶ್ನೆಯನ್ನೂ ಬರೆಯುವುದಿಲ್ಲ. ಅವೆರಡೂ ನನ್ನ ಹೊಟ್ಟೆಪಾಡು. ಒಂದನ್ನಂತೂ ಹೇಳಬಲ್ಲೆ. ಪ್ಯಾರಿಸ್, ರೋಮ್‌ಗಳ ದರದ ಜೊತೆ ಹೋಲಿಸುವಾಗ ಅಲ್ಲಿ ತಲೆಗಿಷ್ಟು ಅಂತ ಹೋಟೆಲ್‌ನಲ್ಲೇ ವಸೂಲಿ ಮಾಡುವ ತೆರಿಗೆ ಸೇರಿಸಿ ನೋಡಿ. ನಾವು ಹೋದಾಗ ಲಂಡನ್‌ನಲ್ಲಿ ಅದು ಇರಲಿಲ್ಲ.

ಬೆಂಗಳೂರಿನ ಗೆಳೆಯರು ಹೋದ ತಿಂಗಳು ಫೋನ್ ಮಾಡಿ, "ಆ ಕಾಲೇಜ್ ಹಾಸ್ಟೆಲ್ ಯಾವ ತಿಂಗಳ ತನಕ ಸಿಗುತ್ತೆ ಮೇಡಂ?" ಅಂತ ಕೇಳಿದರು. ಕಾಲೇಜ್ ತೆರೆಯುವ ತನಕ ಅಷ್ಟೇ, ದಸರಾ ರಜೆಗೆ ಹೋಗುವವರಿಗೆ ಆಗುವುದಿಲ್ಲ ಅಂದೆ. ನನ್ನ ಅಕ್ಟೋಬರ್ ಗುಂಪಿನಲ್ಲೂ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಯೂತ್ ಹಾಸ್ಟೆಲ್‌ನಲ್ಲೇ ಇಬ್ಬರ ಪ್ರತ್ಯೇಕ ರೂಮ್ ಹಿಡಿದಿದ್ದೇನೆ. ಸದ್ಯ 118 ಪೌಂಡ್ ತೋರಿಸುತ್ತಿದೆ, ನೂರರ ಒಳಗೆ ಇಳಿಯುವುದಕ್ಕೆ ಕಾಯುತ್ತಿದ್ದೇನೆ.