ಸಭೆ ಮಾಡಿದ್ರೆ ಮಳೆ ಬರುತ್ತಾ ಅಂತ ಕೇಳಿದವರಿಗೆ

"ಸಭೆ ಮಾಡಿದ್ರೆ ಮಳೆ ಬರುತ್ತಾ ಮಾರಾಯ?" ಮಳೆ, ಹಳ್ಳದ ನೀರಿನ ವಿಷಯಕ್ಕೆ ಕಾಫಿ ತೋಟದವರನ್ನು ಸೇರಿಸಿ ಸಭೆ ಮಾಡುವ ನನಗೆ ಮೂಡಿಗೆರೆ ಕಡೆ ಈ ಪ್ರಶ್ನೆ ಕೇಳದವರು ಕಡಿಮೆ. ಈ ಸಲ ಮಾರ್ಚ್ ಮುಗಿಯುವ ತನಕ ನಮ್ಮ ಹಳ್ಳದಲ್ಲಿ ನೀರಿತ್ತು. ಕೊನೆಯ ತೋಟದವರೂ ಸ್ಪ್ರಿಂಕ್ಲರ್ ಹಾಕಿಕೊಂಡರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಾಫಿಗೆ ಹೂ ಅರಳಿಸುವುದು ಹೂ ಮಳೆ, ಆಮೇಲೆ ಕಾಯಿ ಕಟ್ಟಲು ಬೇಕಾದದ್ದು ಬ್ಯಾಕಿಂಗ್ ಮಳೆ. ಅವು ಕೈಕೊಟ್ಟರೆ ಸ್ಪ್ರಿಂಕ್ಲರ್ ನೀರೇ ಗತಿ.

ಮೊದಲು ದುಡ್ಡು ಕಳೆದ ಕಥೆ ಹೇಳುತ್ತೇನೆ. 2018 ಮತ್ತು 2019ರ ಆಗಸ್ಟ್ ಮಳೆ ನೆನಪಿದೆಯಲ್ವಾ? ಗುಡ್ಡ ಜಾರಿ ಗದ್ದೆ ಮೇಲೆ ಮಣ್ಣು ಬಂದು ಕೂತ ಮೇಲೆ ಎಲ್ಲರ ಬಾಯಲ್ಲೂ ಹವಾಮಾನದ್ದೇ ಮಾತು. ಆಗ ಸಮುದಾಯ ಭವನ ಹಿಡಿದು ಕಾರ್ಯಕ್ರಮ ಮಾಡಿದೆವು. ಬ್ಯಾನರ್, ಮೈಕ್, ಪ್ರೊಜೆಕ್ಟರ್, ಊಟ, ಬೆಂಗಳೂರಿಂದ ಬಂದ ಭಾಷಣಕಾರರು. ಒಟ್ಟು 18 ಸಾವಿರದ ಹತ್ತಿರ ಖರ್ಚು. ಭಾಷಣ ಚೆನ್ನಾಗೇ ಇತ್ತು, ಆದರೆ ಕೇಳಿದವರು ಬಂದಾಗ ಇದ್ದದ್ದಕ್ಕಿಂತ ಜಾಸ್ತಿ ಹೆದರಿಕೊಂಡು ಮನೆಗೆ ಹೋದರು. ಊಟದ ಸಾಲಿನಲ್ಲಿ ಒಬ್ಬರು "ಹಂಗಾದ್ರೆ ತೋಟ ಮಾರೋದೇ ಸೈ" ಅಂದರು. ಮುಂದಿನ ಸಭೆಗೆ ಒಂದು ಬೆಂಚು ತುಂಬುವಷ್ಟೂ ಜನ ಬರಲಿಲ್ಲ.

ಆಮೇಲೆ ಗಿಡ ಹಂಚಿದೆವು. ಸುಮಾರು 500 ಗಿಡ. ಜೂನ್‌ನಲ್ಲಿ ಫೋಟೊ ತೆಗೆಸಿಕೊಂಡು ನೆಟ್ಟಿದ್ದರಲ್ಲಿ ಮುಂದಿನ ಬೇಸಿಗೆಗೆ ನೂರು ಉಳಿದಿದ್ದರೆ ಹೆಚ್ಚು. ದನ ತಿಂದವು, ಕಳೆ ಕೊಚ್ಚುವಾಗ ಕತ್ತಿಗೆ ಸಿಕ್ಕವು, ಕೆಲವಕ್ಕೆ ಏಪ್ರಿಲ್‌ನಲ್ಲಿ ನೀರು ಹಾಕುವವರೇ ಇರಲಿಲ್ಲ.

ಎಲ್ಲ ತಿರುಗಿದ್ದು 2023ರ ಮಳೆ ಕೈಕೊಟ್ಟ ಮೇಲೆ. ಆ ವರ್ಷ ಸರ್ಕಾರ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ಮುಂದಿನ ಫೆಬ್ರವರಿಯಲ್ಲಿ ನಮ್ಮ ಹಳ್ಳಕ್ಕೆ ಒಂದೇ ವಾರದಲ್ಲಿ ನೀರೆತ್ತುವ ಹತ್ತು ಹನ್ನೆರಡು ಎಂಜಿನ್ ಇಳಿದವು. ಮೇಲಿನವರು ಎಳೆದುಕೊಂಡರು, ಕೆಳಗಿನವರ ಪೈಪಿಗೆ ಬರೀ ಕೆಸರು. ಜಗಳ ಪೊಲೀಸ್ ಸ್ಟೇಷನ್ ಬಾಗಿಲಿನ ತನಕ ಹೋಯಿತು. ಅವತ್ತು ಸಂಜೆ ಎರಡೂ ಕಡೆಯವರನ್ನು ನಮ್ಮ ಕಾಫಿ ಕಣಕ್ಕೆ ಕರೆದೆ. ಬರುವಾಗ ನಿಮ್ಮ ಮಳೆ ಪುಸ್ತಕ ತನ್ನಿ ಅಂತ ಮಾತ್ರ ಹೇಳಿದೆ.

ಇದೇ ಕೆಲಸ ಮಾಡಿದ್ದು. ನಮ್ಮ ಕಡೆ ಹತ್ತು ಎಕರೆ ಇದ್ದವರ ಮನೆಯಲ್ಲೂ ಮಳೆ ಅಳೆಯುವ ಡಬ್ಬ ಇರುತ್ತೆ, ಬೆಳಿಗ್ಗೆ ಎದ್ದು "ನಿಮ್ಮಲ್ಲಿ ಎಷ್ಟು ಸೆಂಟು?" ಅಂತ ಫೋನ್ ಮಾಡುವುದು ಅಭ್ಯಾಸ. ನೂರು ಸೆಂಟು ಅಂದರೆ ಒಂದು ಇಂಚು ಮಳೆ. ಆದರೆ ಎಲ್ಲರ ಪುಸ್ತಕವನ್ನು ಒಟ್ಟಿಗೆ ಇಟ್ಟು ಯಾರೂ ನೋಡಿರಲಿಲ್ಲ. ಕೆಳಗಿನ ತೋಟದ ಅಜ್ಜನ ಪುಸ್ತಕ ನೀಲಿ ರಟ್ಟಿನದು, ಒಂದು ಅಂಚು ಗೆದ್ದಲು ತಿಂದಿದೆ. ಒಳಗೆ ಪೆನ್ಸಿಲ್‌ನಲ್ಲಿ "ಆರಿದ್ರಾ, 2 ಇಂಚು 40" ಅಂತ ಬರೆದಿದ್ದಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಸೇತುವೆ ಮುಳುಗಿತು", "ನಾಟಿ ಮುಗಿಯಿತು", "ದೊಡ್ಡವಳಿಗೆ ಗಂಡು ಗೊತ್ತಾಯಿತು". ಅಜ್ಜ ಅದನ್ನು ಓದುತ್ತಾ ಹೋದ ಹಾಗೆ ಬೆಳಿಗ್ಗೆ ಕಚ್ಚಾಡಿದವರು ಬಗ್ಗಿ ನೋಡತೊಡಗಿದರು. ವರ್ಷದ ಒಟ್ಟು ಮಳೆ ಅಂಥಾ ಕಮ್ಮಿಯಾಗಿಲ್ಲ, ಸುರಿಯುವ ದಿನಗಳು ಕಮ್ಮಿಯಾಗಿವೆ, ಬಂದರೆ ಒಂದೇ ಏಟಿಗೆ ಹೊಡೆಯುತ್ತೆ ಅನ್ನುವುದು ನಮ್ಮದೇ ಲೆಕ್ಕದಲ್ಲಿ ಕಾಣಿಸಿತು. ಭಾಷಣಕಾರರು ಹೇಳಿದ್ದೂ ಇದನ್ನೇ. ಆದರೆ ಅಜ್ಜನ ಕೈಬರಹದಲ್ಲಿ ಕಂಡಾಗ ಯಾರೂ ಹೆದರಲಿಲ್ಲ, "ಹಾಗಾದ್ರೆ ಏನ್ಮಾಡೋಣ" ಅಂದರು.

ಅವತ್ತಿನಿಂದ ತಿಂಗಳಿಗೊಂದು ಸಲ, ಪ್ರತಿ ಸಲ ಬೇರೆಯವರ ಕಣದಲ್ಲಿ ಸೇರುತ್ತೇವೆ. ಮೈಕ್ ಇಲ್ಲ, ಬ್ಯಾನರ್ ಇಲ್ಲ, ಊಟ ಇಲ್ಲ. ಕಾಫಿ, ಮಂಡಕ್ಕಿ ಅಷ್ಟೇ. 400, 500 ರೂಪಾಯಿಗೆ ಮುಗಿಯುತ್ತೆ. ಎಲ್ಲರ ಮಳೆ ಲೆಕ್ಕ ಒಟ್ಟಿಗೆ ಬರೆಯುವ ದೊಡ್ಡ ಪುಸ್ತಕದಲ್ಲಿ ಮೊದಲು ಜನವರಿ, ಫೆಬ್ರವರಿ ಅಂತ ಕಾಲಂ ಹಾಕಿದ್ದೆ, ಹಿರಿಯರು ಬಾಯೇ ಬಿಡಲಿಲ್ಲ. ಅದನ್ನು ತೆಗೆದು ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ನಕ್ಷತ್ರದ ಲೆಕ್ಕದಲ್ಲಿ ಬರೆದ ಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಸಭೆ ಏಳುವ ಮೊದಲು ಒಂದೇ ಒಂದು ಕೆಲಸ ಗೊತ್ತು ಮಾಡುತ್ತೇವೆ. ಮುಂದಿನ ತಿಂಗಳೊಳಗೆ ಆಗುವಂಥದ್ದು, ಎರಡಲ್ಲ, ಒಂದೇ.

ನೀರಿನ ಪಾಳಿಗೆ ಜನ ಒಪ್ಪಿದ್ದು ಬಕೆಟ್ ಲೆಕ್ಕದಿಂದ. ಹಳ್ಳ ಹಾದುಹೋಗುವ ರಸ್ತೆ ಮೋರಿಯ ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ನೋಡಿದೆವು. ಹತ್ತು ಸೆಕೆಂಡ್ ಆಸುಪಾಸು. ಅಂದರೆ ದಿನಕ್ಕೆ ಒಂದು ಲಕ್ಷದ ಎಪ್ಪತ್ತು ಸಾವಿರ ಲೀಟರ್ ಚಿಲ್ಲರೆ. ಒಂದು ಎಕರೆಗೆ ಒಂದು ಇಂಚು ಕೊಡಲು ಒಂದು ಲಕ್ಷ ಲೀಟರ್ ಬೇಕು. ಇಡೀ ಹಳ್ಳದ ಒಂದು ದಿನದ ನೀರು ಎರಡು ಎಕರೆಗೂ ಸಾಲದು! ಇದನ್ನು ಕಣದ ಸಿಮೆಂಟಿನ ಮೇಲೆ ಸುಣ್ಣದ ತುಂಡಲ್ಲಿ ಬರೆದು ತೋರಿಸಿದಾಗ ಎಲ್ಲರೂ ಸುಮ್ಮನಾದರು. ದಿನಕ್ಕೆ ಎರಡೇ ಎಂಜಿನ್, ಬಕೆಟ್ ನಿಧಾನವಾದರೆ ಅದೂ ಬಂದ್ ಅಂತ ಅಲ್ಲೇ ತೀರ್ಮಾನವಾಯಿತು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಒಂದೇ ಎಂಜಿನ್ ಹಂಚಿಕೊಳ್ಳುವ ಹಾಗೆ ಹೇಗೆ ಮಾಡಿದೆ ಅಂತ ಸುಮಾರು ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ಮನೆ ಮಾತು.

ಪಾಳಿಯೊಂದೇ ಸಾಕಾಗಲ್ಲ, ನೀರು ನಿಲ್ಲಬೇಕು. ದೀಪಾವಳಿ ಕಳೆದು ಹಳ್ಳ ಇಳಿದ ಮೇಲೆ ಅದಕ್ಕೆ ಅಡ್ಡವಾಗಿ ಚೀಲದ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕಿದೆವು. ಮೊದಲನೇ ಕಟ್ಟ ಹಾಳಾಯಿತು. ಚೀಲಕ್ಕೆ ತೋಟದ ಮಣ್ಣು ತುಂಬಿದ್ದರು, ಅಕಾಲದ ಮಳೆ ಒಂದು ಬಂದು ಎಲ್ಲ ಕರಗಿಸಿ ಒಯ್ದಿತು. ಕೂಲಿ, ಚೀಲ ಸೇರಿ ಏಳೆಂಟು ಸಾವಿರ ನೀರಲ್ಲಿ ಹೋಯಿತು. "ನಾ ಮೊದಲೇ ಹೇಳಿದ್ದೆ" ಅಂದವರೂ ಇದ್ದರು. ಎರಡನೇ ಸಲ ಮರಳೇ ತುಂಬಿದೆವು, ಖಾಲಿ ಸಿಮೆಂಟ್ ಚೀಲ ಐದಾರು ರೂಪಾಯಿಗೆ ಒಂದರಂತೆ ಸಿಕ್ಕವು. ಕೂಲಿ ಲೆಕ್ಕ ಬೇಡ, ಮನೆಗೊಂದು ಆಳು ಅಂತ ಮಾಡಿದ್ದರಿಂದ ಕಟ್ಟವೊಂದಕ್ಕೆ ಎರಡು ಸಾವಿರದೊಳಗೆ ಮುಗಿಯಿತು. ಚೀಲದ ಅಡಿ ನೀರು ಸೋರದಂತೆ ತಳಕ್ಕೆ ಏನು ಹಾಸುತ್ತೇವೆ ಅನ್ನುವುದನ್ನು ಬಂದು ನೋಡಿ, ಹೇಳಿದರೆ ಅರ್ಥವಾಗಲ್ಲ.

ಕಟ್ಟ ಎಲ್ಲಿ ಹಾಕಬೇಕು ಅಂತ ತೋರಿಸಿದವರು ಲೈನ್ ಮನೆಯ, ಅಂದರೆ ತೋಟದ ಕೂಲಿ ಸಾಲುಮನೆಯ ಅಕ್ಕಂದಿರು. ಮೊದಲೆಲ್ಲ ತೋಟದವರಷ್ಟೇ ಕೂರುತ್ತಿದ್ದೆವು. ಕೂಲಿ ಕೊಡುವ ಬಟವಾಡೆ ದಿನ ಸಂಜೆಗೆ ಸಭೆ ಬದಲಾಯಿಸಿದ ಮೇಲೆ ಅವರೂ ಬಂದರು. ಒಬ್ಬ ಅಕ್ಕ "ಆ ಬಸರಿ ಮರದ ಬುಡದಲ್ಲಿ ಬೇಸಿಗೇಲೂ ಒರತೆ ಇತ್ತು, ನಾವು ಅಲ್ಲೇ ಕೈ ತೊಳೀತಿದ್ವಿ" ಅಂದರು. ಹೋಗಿ ತರಗು ಸರಿಸಿದರೆ ಮಣ್ಣು ತಣ್ಣಗಿತ್ತು. ಅದನ್ನು ಬಿಡಿಸಿ ಸುತ್ತ ಕಲ್ಲು ಕಟ್ಟಿದೆವು. ಅದು ಈಗಲೂ ಜಿನುಗುತ್ತಿದೆ.

ಇದರ ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ಹುಡುಗರ ಕೈಗೆ ಎರಡು ಅಗ್ಗದ ಥರ್ಮಾಮೀಟರ್ ಕೊಟ್ಟು, ಒಂದನ್ನು ಬರೀ ಸಿಲ್ವರ್ ಓಕ್ ಇರುವ ಕಡೆ, ಇನ್ನೊಂದನ್ನು ಅತ್ತಿ, ಗೋಣಿ, ಹಲಸಿನ ಮರ ಬೆರೆತ ಕಡೆ ನೇತು ಹಾಕಿಸಿದೆ. ಏಪ್ರಿಲ್ ಮಧ್ಯಾಹ್ನ ಬೆರಕೆ ಮರದ ಕಡೆ ಮೂರು ನಾಲ್ಕು ಡಿಗ್ರಿ ತಂಪಿತ್ತು. ಅದಾದ ಮೇಲೆ ಗಿಡ ಬೇಕು ಅಂತ ಜನರೇ ಕೇಳಿಕೊಂಡು ಬಂದರು. ಈ ಸಲ ಕೊಟ್ಟಿದ್ದು ಬರೀ 60, 70 ಗಿಡ, ಪ್ರತಿಯೊಂದೂ ಒಬ್ಬೊಬ್ಬರ ಹೆಸರಿನಲ್ಲಿ, ಸಭೆಯಲ್ಲಿ ಹಾಜರಿ ಕರೆಯುತ್ತೇವೆ. ಹತ್ತು ಸತ್ತಿರಬಹುದು.

ಹೋದ ವರ್ಷ ತೋಟ ಮಾರಲು ದಲ್ಲಾಳಿ ಹತ್ತಿರ ಮಾತಾಡಿದ್ದ ಹುಡುಗನೇ ಈಗ ಪಾಳಿ ಪಟ್ಟಿ ಬರೆಯುವುದು. ಹೊಳೆನರಸೀಪುರದ ನಮ್ಮ ನೆಂಟರೊಬ್ಬರು ಒಂದು ಸಭೆಗೆ ಬಂದು ಕೂತಿದ್ದರು. ನಮ್ಮ ಹಳ್ಳ ಸೇರುವುದು ಹೇಮಾವತಿಗೆ, ಅದು ಗೊರೂರು ಡ್ಯಾಂ ದಾಟಿ ಅವರ ಊರಿಗೇ ಹೋಗುವುದು. "ಪಲ್ಪರ್ ನೀರು ಹಳ್ಳಕ್ಕೆ ಬಿಡ್ತೀರಲ್ಲ, ಅದೂ ನಮ್ಮಲ್ಲಿಗೇ ಬರುತ್ತೆ" ಅಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಬರುವ ಕೊಳಕು ನೀರು ಅದು. ಮುಂದಿನ ಕೆಲಸ ಅದೇ ಅಂತ ಬರೆದುಕೊಂಡಿದ್ದೇವೆ. ಡಿಸೆಂಬರ್ ಕೊಯ್ಲಿಗೆ ಮೊದಲು ನಾಲ್ಕು ಮನೆಯಲ್ಲಾದರೂ ಆ ನೀರು ಹಿಡಿದಿಡುವ ಗುಂಡಿ ಆಗಬೇಕು. ಗುಂಡಿಗೆ ಆರೇಳು ಸಾವಿರ ಬೀಳುತ್ತೆ, ದುಡ್ಡು ಇನ್ನೂ ಹೊಂದಿಲ್ಲ. ಮೇಲಿನ ದೊಡ್ಡ ತೋಟದವರು ಇನ್ನೂ ಸೇರಿಲ್ಲ, ಆದರೆ ಕಳೆದ ಸಭೆಗೆ ತೋಟದ ಲೆಕ್ಕ ಬರೆಯುವ ಅವರ ರೈಟರ್ ಮಳೆ ಲೆಕ್ಕ ಹಿಡಿದುಕೊಂಡು ಬಂದಿದ್ದರು. ಮುಂದಿನ ಬಟವಾಡೆಗೆ ಅವರ ಕಣದಲ್ಲೇ ಸೇರೋಣ ಅಂತ ಹೇಳಿ ಕಳಿಸಿದ್ದೇನೆ.